ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ್ರಾ? ಮಾತ್ರೆ ಬಿಡೋ ಮುನ್ನ, ಅಂಗಡಿ ಶಟರ್ ಎತ್ತೋ ಮುನ್ನ ಇದನ್ನು ಓದಿ

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲು ಹೃದಯಾಘಾತದ ಸುದ್ದಿ ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದಿದ್ದರು. ಏನೂ ತೊಂದರೆ ಇಲ್ಲದವರೂ ಇಸಿಜಿ ಮಾಡಿಸಿಕೊಂಡು ಬಂದರು. ತಪ್ಪೇನಲ್ಲ. ಆದರೆ ಈಗಾಗಲೇ ಒಮ್ಮೆ ಹೃದಯಾಘಾತ ಆಗಿ, ಚಿಕಿತ್ಸೆ ಪಡೆದು ಮನೆಗೆ ಬಂದವರ ಕಡೆ ಯಾರ ಗಮನವೂ ಅಷ್ಟಾಗಿ ಹೋಗಲ್ಲ. ಮತ್ತೊಂದು ಹೃದಯಾಘಾತದ ಅಪಾಯ ಹೆಚ್ಚಿರುವುದು ಇವರಿಗೇ, ಅದರಲ್ಲೂ ಮೊದಲ ಒಂದು ವರ್ಷ.

ಪೇಟೆಯಲ್ಲಿ ಅಂಗಡಿ ಇಟ್ಟವರ ಕಷ್ಟ ಗೊತ್ತಿರುವುದೇ. ನಾಲ್ಕೈದು ದಿನ ಆಸ್ಪತ್ರೆ, ಒಂದು ವಾರ ಮನೆ. ಅಷ್ಟರಲ್ಲಿ ಬಾಡಿಗೆ, ಸಂಘದ ಸಾಲದ ಕಂತು, ಉದ್ರಿ ವಸೂಲಿ ಎಲ್ಲ ತಲೆ ಮೇಲೆ. ಹತ್ತನೇ ದಿನಕ್ಕೆ ಶಟರ್ ಎತ್ತುತ್ತಾರೆ. ಮೂರನೇ ತಿಂಗಳಿಗೆ, ‘ಈಗ ಆರಾಮಿದೀನಲ್ಲ, ಇಷ್ಟೊಂದು ಮಾತ್ರೆ ಯಾಕೆ’ ಅಂತ ಅರ್ಧಕ್ಕೆ ಇಳಿಸುತ್ತಾರೆ. ಅಪಾಯ ಶುರುವಾಗೋದು ಅಲ್ಲಿಂದ.

ಸ್ಟೆಂಟ್ ಹಾಕಿದರೆ ಕಾಯಿಲೆ ಹೋಯ್ತಾ?

ಇಲ್ಲ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದೊಳಗೆ ಕೊಬ್ಬು ಕಟ್ಟಿಕೊಂಡಿರುತ್ತದೆ. ಅದು ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದೇ ಹೃದಯಾಘಾತ. ಸ್ಟೆಂಟ್ ಅಂದರೆ ಲೋಹದ ಸಣ್ಣ ಜಾಲರಿ ಕೊಳವೆ. ಮುಚ್ಚಿದ ಆ ಒಂದು ಜಾಗವನ್ನು ಅದು ತೆರೆದಿಡುತ್ತದೆ, ಅಷ್ಟೇ. ಉಳಿದ ನಾಳಗಳಲ್ಲಿರುವ ಕೊಬ್ಬು ಅಲ್ಲೇ ಇರುತ್ತದೆ. ಶುಗರ್, ಬಿಪಿ, ಬೀಡಿ ಚಟ ಯಾವುದನ್ನೂ ಸ್ಟೆಂಟ್ ವಾಸಿ ಮಾಡಲ್ಲ.

ರಕ್ತ ಸಿಗದೆ ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಆ ಜಾಗದಲ್ಲಿ ಕಲೆ ಕಟ್ಟುತ್ತದೆ. ಇದಕ್ಕೆ ಆರರಿಂದ ಎಂಟು ವಾರ ಬೇಕು. ವೈದ್ಯರು ನಿಧಾನಕ್ಕೆ ಕೆಲಸ ಶುರುಮಾಡಿ ಅನ್ನುವುದು ಈ ಕಾರಣಕ್ಕೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಇಎಫ್’ ಅಂತ ಒಂದು ಅಂಕಿ ಇರುತ್ತದೆ ನೋಡಿ. ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರದೂಡುತ್ತದೆ ಎಂಬ ಲೆಕ್ಕ ಅದು. 55ರ ಮೇಲಿದ್ದರೆ ಚೆನ್ನಾಗಿದೆ ಅಂತ. 40ಕ್ಕಿಂತ ಕಡಿಮೆ ಇದ್ದರೆ ಹೃದಯ ದುರ್ಬಲವಾಗಿದೆ, ಕೆಲಸಕ್ಕೆ ಮರಳುವುದರಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಲವು ವಾರಗಳ ನಂತರ ಮತ್ತೆ ಎಕೋ ಮಾಡಿಸಲು ಹೇಳಿದ್ದರೆ ತಪ್ಪಿಸಬೇಡಿ, ಎಷ್ಟೋ ಜನರಲ್ಲಿ ಈ ಅಂಕಿ ಮೇಲೇರುತ್ತದೆ.

ತಾಲ್ಲೂಕು ಆಸ್ಪತ್ರೆಯ ಇಂಜೆಕ್ಷನ್ ಬಗ್ಗೆ ಒಂದು ಮಾತು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಯಲ್ಲಿರುವ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸುತ್ತಾರೆ. ಅವರು ಹೌದು ಅಂದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಇದಕ್ಕೆ ಸಾವಿರಾರು ರೂಪಾಯಿ.

ಇಂಜೆಕ್ಷನ್ ಕೊಟ್ಟ ಮೇಲೆ ನೋವು ನಿಂತರೆ, ‘ಸರಿಹೋಯ್ತು, ಮನೆಗೆ ಹೋಗೋಣ’ ಅನ್ನುವವರಿದ್ದಾರೆ. ಹಾಗೆ ಮಾಡಬೇಡಿ. ಹೆಪ್ಪು ಕರಗಿದರೂ ಕಿರಿದಾದ ನಾಳ ಹಾಗೇ ಇರುತ್ತದೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಆಗಬೇಕು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದರೆ ಅದೇ ದಿನ ಹೊರಡಬೇಕು.

ಕೈಬಿಡಬಾರದ ಎರಡು ಮಾತ್ರೆ

ಸ್ಟೆಂಟ್ ಹೊಸದಾಗಿದ್ದಾಗ ರಕ್ತಕ್ಕೆ ಅದು ಹೊರಗಿನ ವಸ್ತು. ನಾಳದ ಒಳಪದರ ಅದರ ಮೇಲೆ ಪೂರ್ತಿ ಹಬ್ಬುವವರೆಗೂ ಅಲ್ಲಿ ಮತ್ತೆ ಹೆಪ್ಪುಗಟ್ಟಬಹುದು. ಹಾಗಾದರೆ ಇನ್ನೊಂದು ಹೃದಯಾಘಾತ, ಹಲವು ಸಲ ಮೊದಲಿನದಕ್ಕಿಂತ ಜೋರಾದದ್ದು. ಇದನ್ನು ತಡೆಯಲು ಎರಡು ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಒಂದು ಆಸ್ಪಿರಿನ್, ಹೆಚ್ಚಾಗಿ 75 ಮಿ.ಗ್ರಾಂ. ಇನ್ನೊಂದು ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಸುಗ್ರೆಲ್. ಎರಡನೆಯದು ಸಾಮಾನ್ಯವಾಗಿ ಒಂದು ವರ್ಷ, ಆಸ್ಪಿರಿನ್ ಹೆಚ್ಚಿನವರಿಗೆ ಜೀವನಪೂರ್ತಿ. ರಕ್ತಸ್ರಾವದ ಭಯ ಇರುವವರಿಗೆ ವೈದ್ಯರೇ ಅವಧಿ ಕಡಿಮೆ ಮಾಡಬಹುದು. ಆ ತೀರ್ಮಾನ ಮೆಡಿಕಲ್ ಸ್ಟೋರ್ ಕೌಂಟರ್‌ನಲ್ಲಿ ಆಗುವಂಥದ್ದಲ್ಲ.

ಟಿಕಾಗ್ರೆಲಾರ್ ದಿನಕ್ಕೆ ಎರಡು ಹೊತ್ತು. ಬೆಳಗಿನದು ನೆನಪಿರುತ್ತದೆ, ರಾತ್ರಿ ಅಂಗಡಿ ಮುಚ್ಚಿ ಲೆಕ್ಕ ನೋಡುವಾಗ ಮರೆತುಹೋಗುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಒಂದು ಸ್ಟ್ರಿಪ್ ಇಡುವುದು ಒಳ್ಳೆಯದು. ಈ ಮಾತ್ರೆಯಿಂದ ಕೆಲವರಿಗೆ ಉಸಿರು ಕಟ್ಟಿದಂತೆ ಆಗುವುದುಂಟು. ರಾಮಿಪ್ರಿಲ್ ಜಾತಿಯ ಬಿಪಿ ಮಾತ್ರೆಯಿಂದ ಒಣಕೆಮ್ಮು ಬರಬಹುದು. ಎರಡಕ್ಕೂ ಬದಲಿ ಮಾತ್ರೆ ಇದೆ. ಸುಮ್ನೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿದರೆ ಸಾಕು.

ಹಲ್ಲು ಕೀಳಿಸಬೇಕಾಗಿ ಬಂದರೆ ಸ್ಟೆಂಟ್ ಇದೆ ಅಂತ ಮೊದಲೇ ಹೇಳಿ. ಹಲ್ಲಿನ ವೈದ್ಯರು ಮಾತ್ರೆ ನಿಲ್ಲಿಸಿ ಬನ್ನಿ ಅಂದರೂ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಮಂಡಿನೋವು, ಮೈಕೈನೋವಿಗೆ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಅಂಗಡಿಯಿಂದ ತಂದು ನುಂಗುವ ಅಭ್ಯಾಸವನ್ನಂತೂ ಬಿಡಲೇಬೇಕು. ಅವು ಹೃದಯಕ್ಕೂ ಹೊಟ್ಟೆಗೂ ಅಪಾಯ. ಮಲ ಟಾರಿನಂತೆ ಕಪ್ಪಾಗಿ ಹೋದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ರಾತ್ರಿ ಕೊಡುವ ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಮಾತ್ರೆ. ‘ರಿಪೋರ್ಟ್ ನಾರ್ಮಲ್ ಬಂತು, ಬಿಟ್ಟೆ’ ಅನ್ನುವ ಮಾತು ಪೇಟೆಯಲ್ಲಿ ಮಾಮೂಲು. ನಾರ್ಮಲ್ ಬಂದದ್ದೇ ಆ ಮಾತ್ರೆಯಿಂದ! ಹೃದಯಾಘಾತ ಆದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಆದರೆ 55ಕ್ಕಿಂತಲೂ ಕೆಳಗೆ ಇರಬೇಕು ಎಂಬುದು ತಜ್ಞರ ಗುರಿ. ಲ್ಯಾಬ್ ಚೀಟಿಯಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿ ಆರೋಗ್ಯವಂತರಿಗೆ.

ಅಂಗಡಿಗೆ ಯಾವಾಗ ಹೋಗಬಹುದು?

ಮೊದಲ ವಾರ ಮನೆಯೊಳಗೆ, ಅಂಗಳದಲ್ಲಿ ಐದು-ಹತ್ತು ನಿಮಿಷದ ನಡಿಗೆ. ಆಮೇಲೆ ದಿನಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ, ಒಂದೂವರೆ ತಿಂಗಳಿಗೆ ಅರ್ಧ ಗಂಟೆಗೆ ಮುಟ್ಟಿಸಬೇಕು. ಜೊತೆಯವರ ಹತ್ತಿರ ಮಾತಾಡಿಕೊಂಡೇ ನಡೆಯಲು ಆದರೆ ವೇಗ ಸರಿಯಿದೆ. ಮಾತಾಡೋಕೆ ಉಸಿರು ಸಾಲದಿದ್ದರೆ ನಿಧಾನಿಸಿ. ತುಂಬ ಜನ ಹೆದರಿ ಮಂಚ ಬಿಟ್ಟೇಳಲ್ಲ, ಅದೂ ಒಳ್ಳೆಯದಲ್ಲ.

ಸ್ಟೆಂಟ್ ಆಗಿ ತೊಂದರೆ ಏನೂ ಇಲ್ಲದಿದ್ದರೆ, ಗಲ್ಲಾದಲ್ಲಿ ಕೂರುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ ಮರಳಬಹುದು, ಮೊದಲು ಅರ್ಧ ದಿನ. ಆದರೆ ಅಕ್ಕಿ ಮೂಟೆ, ಸಿಮೆಂಟ್ ಚೀಲ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇರೆ ವಿಷಯ. ಅದಕ್ಕೆ ಕನಿಷ್ಠ ಆರರಿಂದ ಎಂಟು ವಾರ, ಅದೂ ವೈದ್ಯರು ಒಪ್ಪಿದರೆ. ತುಕ್ಕು ಹಿಡಿದ ಶಟರ್ ಎತ್ತುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಉಸಿರು ಬಿಗಿಹಿಡಿದು ಎಳೆದಾಗ ಬಿಪಿ ಒಮ್ಮೆಲೇ ಏರುತ್ತದೆ. ಹುಡುಗನ ಕೈಲಿ ತೆಗೆಸಿ, ಇಲ್ಲವೇ ಶಟರ್‌ಗೆ ಎಣ್ಣೆ ಬಿಡಿಸಿ.

ಬೈಪಾಸ್ ಆದವರ ಕಥೆಯೇ ಬೇರೆ. ಎದೆಮೂಳೆ ಕೂಡಲು ಸುಮಾರು ಮೂರು ತಿಂಗಳು. ಅಲ್ಲಿಯವರೆಗೆ ಭಾರ ಬೇಡ. ಬೈಕ್, ಸ್ಕೂಟರ್ ಯಾವಾಗ ಓಡಿಸಬಹುದು ಅಂತ ಸರ್ಜನ್ ಅವರನ್ನೇ ಕೇಳಿ.

ಗಂಡ-ಹೆಂಡತಿ ಕೂಡುವ ಬಗ್ಗೆ ಯಾರೂ ಬಾಯಿಬಿಟ್ಟು ಕೇಳಲ್ಲ. ಎರಡು ಮಹಡಿ ಮೆಟ್ಟಿಲು ಏದುಸಿರು, ಎದೆನೋವು ಇಲ್ಲದೆ ಹತ್ತಿದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಬಳಸುವವರು ಸಿಲ್ಡೆನಾಫಿಲ್‌ನಂಥ ಮಾತ್ರೆ ಮುಟ್ಟಲೇಬಾರದು. ಬಿಪಿ ಕುಸಿದು ಪ್ರಾಣಕ್ಕೇ ಅಪಾಯ.

ಊಟ, ತಂಬಾಕು, ಮನಸ್ಸು

ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು ಬಿಡಬೇಕಿಲ್ಲ. ಬಿಡಬೇಕಾದದ್ದು ಸಂಜೆಯ ಬಜ್ಜಿ-ಬೋಂಡ, ಬೇಕರಿ ಪಫ್ಸ್. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿ ಉಪ್ಪು ಎಷ್ಟಿದೆ ಅನ್ನುವುದು ನಾಲಿಗೆಗೆ ಗೊತ್ತಾಗಲ್ಲ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಒಂದು ಟೀ ಚಮಚದೊಳಗೆ. ಸಿಗರೇಟ್, ಬೀಡಿ ಬಿಟ್ಟು ಗುಟ್ಕಾ, ಕಡ್ಡಿಪುಡಿ ಹಿಡಿಯುವವರೂ ಇದ್ದಾರೆ. ಹೊಗೆ ಇಲ್ಲದಿದ್ದರೂ ತಂಬಾಕು ತಂಬಾಕೇ.

ಸಣ್ಣದಕ್ಕೆಲ್ಲ ಸಿಟ್ಟು, ನಿದ್ದೆ ಬಾರದಿರುವುದು, ಸುಮ್ಮನೆ ಅಳು ಬರುವುದು ಹೃದಯಾಘಾತದ ನಂತರ ತುಂಬ ಜನರಿಗೆ ಆಗುತ್ತದೆ. ಎರಡು ವಾರ ದಾಟಿದರೂ ಕಡಿಮೆಯಾಗದಿದ್ದರೆ ಚಿಕಿತ್ಸೆ ಬೇಕು. ಈ ಖಿನ್ನತೆಯೇ ಮಾತ್ರೆ ಬಿಡಲು ಕಾರಣವಾಗುವುದೂ ಇದೆ.

ದುಡ್ಡಿನ ಲೆಕ್ಕ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಸ್ಟೆಂಟ್ ಬೆಲೆಗೆ 2017ರ ಫೆಬ್ರವರಿಯಿಂದ ಕೇಂದ್ರದ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ದರ ಬೇರೆಯಾಗಿ ಕಾಣಬೇಕು, ಕೇಳಿ ಪಡೆಯಿರಿ. ತಿಂಗಳ ಮಾತ್ರೆ ಖರ್ಚು ಭಾರ ಅನಿಸಿದರೆ ಬಿಡಬೇಡಿ. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದೆ. ಚೀಟಿ ತೋರಿಸಿ, ಕಂಪನಿ ಹೆಸರಲ್ಲ, ಔಷಧದ ಹೆಸರು ಹೇಳಿ ಕೇಳಿ.

ಮತ್ತೆ ನೋವು ಬಂದರೆ

ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆದರೆ ಅಲ್ಲೇ ಕುಳಿತುಕೊಳ್ಳಿ. ವೈದ್ಯರು ಕೊಟ್ಟಿದ್ದರೆ ಒಂದು ಸಾರ್ಬಿಟ್ರೇಟ್ ನಾಲಿಗೆ ಕೆಳಗೆ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ. ಶುಗರ್ ಇರುವವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ದವಡೆ, ಬೆನ್ನು ನೋವು, ಉಸಿರಾಟದ ಕಷ್ಟ, ತಣ್ಣನೆ ಬೆವರು ಮಾತ್ರ ಬರಬಹುದು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕಾಯುತ್ತಾ ಕೂರಬೇಡಿ. ಸ್ವಂತ ಬೈಕ್ ಹತ್ತಿ ಆಸ್ಪತ್ರೆಗೆ ಹೊರಡಬೇಡಿ. ಡಿಸ್ಚಾರ್ಜ್ ಕಾರ್ಡ್, ಕೊನೆಯ ಇಸಿಜಿ, ಮಾತ್ರೆ ಚೀಟಿ ಮೂರರ ಫೋಟೊ ಮನೆಯವರ ಮೊಬೈಲ್‌ನಲ್ಲೂ, ಅಂಗಡಿ ಹುಡುಗನ ಮೊಬೈಲ್‌ನಲ್ಲೂ ಇರಲಿ. ಹಳೇ ಇಸಿಜಿ ಪಕ್ಕದಲ್ಲಿಟ್ಟು ನೋಡಿದರೆ ಹೊಸದಾಗಿ ಏನಾಗಿದೆ ಅನ್ನುವುದು ವೈದ್ಯರಿಗೆ ಬೇಗ ಗೊತ್ತಾಗುತ್ತದೆ.