ನನ್ನಾರಿ ಶರ್ಬತ್: ಬೇರಿನ ಸಿಪ್ಪೆಯಲ್ಲಿರುವ ಪರಿಮಳ

ರಮಳಾನ್ ಬಂತೆಂದರೆ ಕಾಸರಗೋಡು, ಮಂಜೇಶ್ವರ, ಉಪ್ಪಳ ಕಡೆಯ ಇಫ್ತಾರ್‌ಗಳಲ್ಲಿ ಲಿಂಬೆ, ಕಸ್‌ಕಸ್ ಹಾಕಿದ ನನ್ನಾರಿ ಶರ್ಬತ್ ಕಾಣಸಿಗುತ್ತದೆ. 'ಶರ್ಬತ್' ಮತ್ತು ಇಂಗ್ಲಿಷಿನ 'ಸಿರಪ್' ಎರಡೂ ಕುಡಿಯುವುದು ಎಂಬರ್ಥದ ಒಂದೇ ಅರಬಿ ಧಾತುವಿನಿಂದ ಬಂದ ಪದಗಳು. ಆದರೆ ಈ ಪಾನೀಯದ ಪರಿಮಳ ಮಾತ್ರ ನಮ್ಮದೇ ಗುಡ್ಡೆಯದ್ದು.

ಗಿಡ ಯಾವುದು?

ಕನ್ನಡದಲ್ಲಿ ಇದಕ್ಕೆ ಸೊಗದೆ ಬೇರು, ನಾಮದ ಬೇರು ಎನ್ನುತ್ತಾರೆ. ಆಯುರ್ವೇದದಲ್ಲಿ ಸಾರಿವಾ ಅಥವಾ ಅನಂತಮೂಲ. ಸಸ್ಯಶಾಸ್ತ್ರೀಯ ಹೆಸರು ಹೆಮಿಡೆಸ್ಮಸ್ ಇಂಡಿಕಸ್. ಇದು ತೆಳ್ಳಗಿನ ಬಳ್ಳಿ. ಉದ್ದನೆಯ ಎಲೆಯ ನಡುವೆ ಹೆಚ್ಚಾಗಿ ನಾಮ ಎಳೆದಂತೆ ಬಿಳಿ ಗೆರೆ ಇರುತ್ತದೆ, ಚಿವುಟಿದರೆ ಬಿಳಿ ಹಾಲು ಬರುತ್ತದೆ. ಎಲೆ ನೋಡಿ ಮಾತ್ರ ತೀರ್ಮಾನಿಸಬೇಡಿ. ಬೇರನ್ನು ಗೀರಿದರೆ ವೆನಿಲ್ಲಾದಂಥ ಸುವಾಸನೆ ಬರಬೇಕು. ಹಾಲು ಬರುವ ಬಳ್ಳಿಗಳಲ್ಲಿ ವಿಷದವೂ ಇರುವುದರಿಂದ, ಗೊತ್ತಿರುವ ಹಿರಿಯರಿಗೆ ತೋರಿಸದೆ ಬಳಸಲೇಬಾರದು.

ಅಂಗಡಿಯಲ್ಲಿ 'ನನ್ನಾರಿ' ಎಂದು ಸಿಗುವ ದಪ್ಪ ಬೇರು ಬಹುಪಾಲು ಬೇರೆಯದು. ಅದು ಮಾಕಳಿ ಬೇರು. ರಾಯಲಸೀಮೆಯ ಶರ್ಬತ್‌ಗೆ ಬಳಸುವುದು ಅದನ್ನೇ. ಎರಡರ ಪರಿಮಳಕ್ಕೂ ಕಾರಣವಾದ ರಾಸಾಯನಿಕ ಒಂದೇ, ಅದು ವೆನಿಲಿನ್‌ನ ಹತ್ತಿರದ ಸಂಬಂಧಿ.

ಮಾಡುವ ವಿಧಾನ

ಪರಿಮಳ ಇರುವುದು ಬೇರಿನ ಸಿಪ್ಪೆಯಲ್ಲಿ. ಒಳಗಿನ ಕಟ್ಟಿಗೆಯಂಥ ನಾರಿನಲ್ಲಿ ಏನೂ ಇಲ್ಲ. 100 ಗ್ರಾಂ ಒಣ ಬೇರನ್ನು ಮಣ್ಣು ಹೋಗುವಂತೆ ತೊಳೆದು, ಜಜ್ಜಿ, ನಡುವಿನ ನಾರು ತೆಗೆಯಿರಿ. ಒಂದು ಲೀಟರ್ ಬಿಸಿನೀರು ಹೊಯ್ದು ರಾತ್ರಿಯಿಡೀ ಮುಚ್ಚಿಡಿ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಪರಿಮಳವೆಲ್ಲ ಆವಿಯಾಗಿ ಹೋಗ್ತದೆ. ಮರುದಿನ ಸೋಸಿದ 800 ಮಿ.ಲೀ. ನೀರಿಗೆ ಒಂದೂವರೆ ಕಿಲೋ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಆಗ ಪಾಕದಲ್ಲಿ ನೂರಕ್ಕೆ ಸುಮಾರು 65 ಪಾಲು ಸಕ್ಕರೆ ಇರುತ್ತದೆ. ಸಿರಪ್ ಬೇಗ ಕೆಡದಿರುವುದು ಇದರಿಂದಲೇ. ಸಕ್ಕರೆ ಕಡಿಮೆ ಮಾಡಿದರೆ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕು.

ಅಸಲಿ ಸಿರಪ್‌ನ ಬಣ್ಣ ತಿಳಿ ಕಂದು. ಕೆಂಪಗೆ ಹೊಳೆಯುತ್ತಿದ್ದರೆ ಬಣ್ಣ ಹಾಕಿದ್ದಾರೆಂದೇ ಲೆಕ್ಕ. ಬಾಟಲಿಯ ಮೇಲೆ ಬೇರಿನ ಸಾರವೋ, ಬರೀ ಎಸೆನ್ಸೋ ಎಂದು ಓದಿ ಕೊಳ್ಳಿ.

ಔಷಧಿಯೇ?

ಈ ಬೇರಿನ ಸಿರಪ್ 19ನೇ ಶತಮಾನದ ಬ್ರಿಟಿಷ್ ಫಾರ್ಮಕೋಪಿಯಾದಲ್ಲೂ ಇತ್ತು. ಹಾಗಂತ ಶರ್ಬತ್ ಮದ್ದಲ್ಲ. 30 ಮಿ.ಲೀ. ಸಿರಪ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇದೆ. ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಅರ್ಧ ಒಂದೇ ಗ್ಲಾಸಿನಲ್ಲಿ ಮುಗಿಯಿತು. ಶುಗರ್ ಇರುವವರು ಇಫ್ತಾರ್‌ನಲ್ಲಿ ಇದನ್ನು ನೆನಪಿಡಬೇಕು.

ಗಿಡ ಉಳಿಯಬೇಕಾದರೆ

ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ, ಬೇರು ಪೂರ್ತಿ ಕಿತ್ತರೆ ಗಿಡವೇ ಹೋಯಿತು. ಮಾಕಳಿ ಬೇರು ಇವತ್ತು ಅಳಿವಿನಂಚಿಗೆ ಬಂದದ್ದೂ ಹೀಗೆಯೇ. ನಮ್ಮ ಕಡೆ ಮುರಕಲ್ಲಿನ ಗುಡ್ಡೆಗಳನ್ನು ಜೆಸಿಬಿ ಸಮತಟ್ಟು ಮಾಡುತ್ತಿರುವಾಗ ಈ ಬಳ್ಳಿಯೂ ಅದರ ಜೊತೆಗೇ ಹೋಗುತ್ತಿದೆ. ಅಗೆಯುವವರು ಒಂದು ಬದಿಯ ಬೇರು ಮಾತ್ರ ತೆಗೆದು ಮಣ್ಣು ಮುಚ್ಚಬೇಕು. ಬೇರಿನ ತುಂಡು ನೆಟ್ಟು ಗೋಣಿಚೀಲದಲ್ಲೂ ಬೆಳೆಸಬಹುದು. ಒಂದೂವರೆ, ಎರಡು ವರ್ಷದಲ್ಲಿ ಬೇರು ಸಿಗುತ್ತದೆ. ಮನೆಯಲ್ಲೇ ಸಿರಪ್ ಮಾಡಿ ಮಾರಲು ಹೊರಡುವ ಯುವಕ-ಯುವತಿಯರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸುವ ಮೊದಲೇ ನಾಲ್ಕು ಚೀಲ ಬಳ್ಳಿ ನೆಡಲಿ. ಬೇರಿಲ್ಲದೆ ಬಾಟಲಿಗೆ ತುಂಬಿಸುವುದು ಏನನ್ನು?