ಆಮೆಗೆ ಬೆಳೆದ ಸೊಪ್ಪು

ಮೊನ್ನೆ ಶನಿವಾರ ರಾತ್ರಿ ಡಲ್ಲಾಸಿನಿಂದ ಅಕ್ಕ ವಿಡಿಯೋ ಕಾಲ್ ಮಾಡಿದ್ದಳು. ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಮಾತಿನ ಮಧ್ಯೆ ಫೋನನ್ನು ಅಡುಗೆಮನೆ ಕಿಟಕಿ ಕಡೆ ತಿರುಗಿಸಿದಳು. ಸಾಲಾಗಿ ನಾಲ್ಕು ಬಟ್ಟಲು, ಒಂದೊಂದರಲ್ಲೂ ಎರಡು ಬೆರಳು ನೀರು, ನೀರಲ್ಲಿ ಅಂಗಡಿಯಿಂದ ತಂದ ಲೆಟ್ಯೂಸಿನ ಬುಡಗಳು. ನಡುವಿನಿಂದ ಪುಟಾಣಿ ಎಲೆ ಇಣುಕುತ್ತಿತ್ತು. ಅವಳು ಎರಡು ರಷ್ಯನ್ ಆಮೆ ಸಾಕಿದ್ದಾಳೆ, ಈ ವ್ಯವಸಾಯ ಅವಕ್ಕಂತೆ.

"ಅಜ್ಜಿ ದಂಟಿನ ಬೇರು ನೆಡ್ತಿದ್ಲಲ್ಲ, ನಿಂಗೆ ನೆನಪಿದ್ಯೇನೋ? ನಂದು ನಾಲ್ಕೆಲೆ ಬಿಟ್ಟು ಸುಸ್ತಾಗಿ ಕೂತಿದೆ" ಅಂದಳು.

ನೆನಪಿಲ್ಲದೆ ಏನು! ಆದರೆ ಆ ನೆನಪಿನ ಜೊತೆ ಇನ್ನೊಂದು ವಿಷಯವೂ ಇದೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಜೋರಾಗಿ ಹೇಳಲ್ಲ. ಇವತ್ತು ಬರೆದುಬಿಡೋಣ ಅನ್ನಿಸಿತು.

ಮೊದಲು ನಮ್ಮ ಏರಿಯಾ. ರಾಜಾಜಿನಗರ ಹುಟ್ಟಿದ್ದು 1949ರಲ್ಲಿ, ಕೈಗಾರಿಕಾ ಉಪನಗರವಾಗಿ. ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರೇ ಬಡಾವಣೆಗೆ ಬಂತು. ನಗರಕ್ಕೆ ಸೈಟು ಹಂಚುವ ಕೆಲಸ ಆಗ 1945ರಲ್ಲಿ ಶುರುವಾಗಿದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನದು. 1976ರಲ್ಲಿ ಆ ಕೆಲಸ ಬಿಡಿಎ ಕೈಗೆ ಬಂತು. ನಮ್ಮ ತಾತ ಕಾರ್ಖಾನೆ ನೌಕರ. ಕಟ್ಟಿದ್ದು ಚಿಕ್ಕ ಮನೆ, ಆದರೆ ಹಿಂದೆ ಹಿತ್ತಲಿತ್ತು. ಬಚ್ಚಲ ನೀರು ಹರಿದು ಹೋಗೋ ಜಾಗ, ಬಟ್ಟೆ ಒಗೆಯೋ ಕಲ್ಲು, ಒಂದು ನುಗ್ಗೆ ಮರ, ಒಂದು ದಾಸವಾಳ.

ಬೆಂಗಳೂರಿನ ಸೊಪ್ಪಿನವರು ದಂಟು, ಕೊತ್ತಂಬರಿ, ಪುದೀನ ಎಲ್ಲವನ್ನೂ ಬೇರು ಸಮೇತ ಮಣ್ಣು ಅಂಟಿಸಿಕೊಂಡೇ ಕಟ್ಟು ಕಟ್ಟಿ ಮಾರುತ್ತಾರೆ ಅಲ್ವಾ? ನಾವು ಬುಡ ಕತ್ತರಿಸಿ ಕಸಕ್ಕೆ ಹಾಕ್ತೀವಿ. ಅಜ್ಜಿ ಹಾಕ್ತಿರಲಿಲ್ಲ. ಬುಡದ ಮೇಲೆ ಮೂರು ಬೆರಳಷ್ಟು ಕಾಂಡ ಬಿಟ್ಟು ಬಚ್ಚಲ ಕಾಲುವೆ ಪಕ್ಕ ನೆಡೋಳು. ಪುದೀನದ ಕಡ್ಡಿ, ಹೊನಗೊನ್ನೆ, ಬಸಳೆ ಬಳ್ಳಿಗೆ ಬೇರೂ ಬೇಕಿರಲಿಲ್ಲ, ಗೆಣ್ಣು ಮಣ್ಣಿಗೆ ತಾಗಿದರೆ ಸಾಕು. ಅಂಗಡಿ ಬುಟ್ಟಿಯಲ್ಲೇ ಮೊಳಕೆ ಬಂದ ಸೀಮೆಬದನೆಯನ್ನು ಇಡಿಯಾಗಿ ಹೂಳೋಳು. ಅದರ ಬೀಜ ಕಾಯಿಯೊಳಗೇ ಮೊಳೆಯುತ್ತದೆ, ಬೇರೆ ತೆಗೆದು ನೆಡೋ ಹಾಗೇ ಇಲ್ಲ. ಅದನ್ನು ನಮ್ಮೂರಿಗೆ ಪರಿಚಯಿಸಿದ್ದು 1874ರಿಂದ 1908ರ ತನಕ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಅಂತ ಹೇಳ್ತಾರೆ. ತಮಿಳಿನವರು ಇವತ್ತಿಗೂ ಅದನ್ನು ಬೆಂಗಳೂರು ಬದನೆ ಅಂತಾನೇ ಕರೆಯೋದು.

ಕನ್ನಡಕ್ಕೆ ಈ ವಿಷಯ ಹೊಸದೇನಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ (ಗೊಮ್ಮಟನ ಚಾವುಂಡರಾಯ ಅಲ್ಲ, ಇವನು ಬೇರೆ) ನೀರು ಹುಡುಕೋದು, ಗಿಡ ಮರ ಬೆಳೆಸೋದು, ಅಡುಗೆ ಮಾಡೋದು ಎಲ್ಲ ಒಂದೇ ಪುಸ್ತಕದಲ್ಲಿದೆ. ಅಜ್ಜಿ ಅದನ್ನು ಓದಿರಲಿಲ್ಲ. ಆದರೆ ಬಾವಿ, ಹಿತ್ತಲು, ಒಲೆ ಬೇರೆ ಬೇರೆ ಅಂತ ಅವಳಿಗೂ ಅನ್ನಿಸಿರಲಿಲ್ಲ.

ಈಗ ಆಮೆಯ ಕಥೆ. 1985ರ ಸುಮಾರಿಗೆ ಚಿಂತಾಮಣಿ ಕಡೆಯ ನೆಂಟರೊಬ್ಬರು ತಾತನಿಗೆ ಒಂದು ನಕ್ಷತ್ರ ಆಮೆ ಕೊಟ್ಟರಂತೆ. ಹೊಲದಲ್ಲಿ ಸಿಕ್ಕಿತಂತೆ, ಮನೆಯಲ್ಲಿದ್ದರೆ ಒಳ್ಳೇದಂತೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ. ಹೆಸರು ಕೂರ್ಮಯ್ಯ. ಅಜ್ಜಿ ನೆಟ್ಟ ದಂಟಿನ ಅರ್ಧ ಪಾಲು ಅವನದೇ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಒಗೆಯೋ ಕಲ್ಲಿನ ಹತ್ತಿರ ಬಂದು ಕತ್ತೆತ್ತಿ ನಿಲ್ಲೋನು. ನಾನು ನಡೆಯೋದು ಕಲಿತದ್ದು ಅವನ ಹಿಂದೆ ಹೋಗಿ ಅಂತ ಅಮ್ಮ ನಗಾಡ್ತಾಳೆ. ನನ್ನ ಸ್ಪೀಡು ಇವತ್ತಿಗೂ ಅದೇ :-)

ಆಮೆ ಸಾಕಿ ಡೈರಿ ಬರೆದವರೂ ಇದ್ದಾರೆ. ಇಂಗ್ಲೆಂಡಿನ ಸೆಲ್ಬೋರ್ನ್ ಊರಿನ ಪಾದ್ರಿ ಗಿಲ್ಬರ್ಟ್ ವೈಟ್‌ಗೆ 1780ರಲ್ಲಿ ಅತ್ತೆಯ ಮನೆಯಿಂದ ಟಿಮೊತಿ ಅನ್ನೋ ಆಮೆ ಬಂತು. ಅದು ಏನು ತಿಂತು, ಯಾವಾಗ ಮಣ್ಣೊಳಗೆ ಹೋಯ್ತು ಅಂತೆಲ್ಲ ಬರೆದಿಟ್ಟ. ಟಿಮೊತಿ ಹೆಣ್ಣು ಅಂತ ಗೊತ್ತಾಗಿದ್ದು ಸತ್ತ ಮೇಲೆ, ಚಿಪ್ಪು ನೋಡಿದಾಗ! ಅಕ್ಕನ ಆಮೆಗಳ ಜಾತಿಯವು ಇನ್ನೂ ದೂರ ಹೋಗಿವೆ. 1968ರ ಸೆಪ್ಟೆಂಬರಿನಲ್ಲಿ ಸೋವಿಯತ್ತಿನ ಜೋಂಡ್ 5 ನೌಕೆಯಲ್ಲಿ ಚಂದ್ರನನ್ನು ಸುತ್ತಿ ಜೀವಂತ ವಾಪಸ್ ಬಂದವು. ಮನುಷ್ಯರು ಅಪೊಲೊ 8ರಲ್ಲಿ ಅಲ್ಲಿಗೆ ಹೋಗಿದ್ದು ಅದಾದ ಮೂರು ತಿಂಗಳ ಮೇಲೆ.

ಕೂರ್ಮಯ್ಯನ ಪ್ರಯಾಣ ಅಷ್ಟು ಸುಖದ್ದಲ್ಲ. 2007, ನಾನು ನಾಲ್ಕನೇ ಕ್ಲಾಸು. ಪೇಪರಿನಲ್ಲಿ ನಕ್ಷತ್ರ ಆಮೆ ಸಾಗಿಸ್ತಿದ್ದವರು ಸಿಕ್ಕಿಬಿದ್ದ ಸುದ್ದಿ ಬಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿ ಹಿತ್ತಲ ಕಡೆ ನೋಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳೋದೂ ತಪ್ಪು. ಆಗ ಅದು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಒಂದನೇ ಅನುಸೂಚಿಗೆ ಏರಿದೆ.

"ನಾವೇನು ಮಾರ್ತೀವಾ? ಮಗು ಥರ ನೋಡ್ಕೊಂಡಿದೀವಿ" ಅಂತ ಅಜ್ಜಿ. ವಾರ ಪೂರ್ತಿ ಮನೆಯಲ್ಲಿ ಮಾತಿಲ್ಲ. ಕೊನೆಗೆ ಅಪ್ಪನೇ ಒಂದು ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಒಳಗೆ ದಂಟಿನ ಸೊಪ್ಪು ಹಾಸಿ, ಅವನನ್ನು ಒಪ್ಪಿಸಿ ಬಂದರು. ಅಲ್ಲಿದ್ದವರು ಬೈಯಲಿಲ್ಲವಂತೆ. ಏನು ತಿನ್ನಿಸ್ತಿದ್ರಿ ಅಂತ ಕೇಳಿ, ಇವುಗಳಿಗೆ ಮುಖ್ಯವಾಗಿ ಬೇಕಾಗಿರೋದು ಹುಲ್ಲು, ದಿನಾ ದಂಟು, ಪಾಲಕ್ ಹಾಕಬಾರದು ಅಂದರಂತೆ. ಅದರಲ್ಲಿರೋ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ, ಚಿಪ್ಪಿಗೆ, ಮೂಳೆಗೆ ಸಿಗೋದು ಕಡಿಮೆಯಾಗುತ್ತೆ. ಅಪ್ಪ ಇದನ್ನು ಅಜ್ಜಿಗೆ ಹೇಳಲೇ ಇಲ್ಲ. ನನಗೆ ಹೇಳಿದ್ದು ಅಜ್ಜಿ ಹೋದ ಮೇಲೆ.

ಒಂದು ಆಮೆಯಿಂದ ಏನಾಗುತ್ತೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದೆ. ಕಾಡಿನಿಂದ ಹಿಡಿದು ಮಾರುವ ಒಂದೇ ಒಂದು ಕೇಂದ್ರದ ಮೂಲಕ ವರ್ಷಕ್ಕೆ ಕಡಿಮೆ ಅಂದ್ರೂ 55,000 ನಕ್ಷತ್ರ ಆಮೆಗಳು ಹೋಗುತ್ತಿವೆ ಅಂತ 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ಆಮೆಗಳು ವಿಮಾನ ಹತ್ತಿ ನಮ್ಮ ಬೆಂಗಳೂರಿಗೇ ವಾಪಸ್ ಬಂದವು. 2019ರಲ್ಲಿ ಜಿನೀವಾದಲ್ಲಿ ಸೇರಿದ ಸೈಟಿಸ್ ಸಭೆ ಇವನ್ನು ಎರಡನೇ ಪಟ್ಟಿಯಿಂದ ಒಂದನೆಯದಕ್ಕೆ ಹಾಕಿತು, ಅಂದರೆ ಕಾಡಿನಿಂದ ಹಿಡಿದದ್ದನ್ನು ದೇಶದಿಂದ ದೇಶಕ್ಕೆ ಮಾರೋದು ಪೂರ್ತಿ ಬಂದ್. ಇನ್ನೊಂದು ಕಷ್ಟ ಏನಂದ್ರೆ, ಸಿಕ್ಕಿದ ಆಮೆಯನ್ನು ಸುಮ್ಮನೆ ಯಾವುದೋ ಕಾಡಿಗೆ ಬಿಡೋ ಹಾಗಿಲ್ಲ. ಯಾವ ಕಡೆಯದು ಅಂತ ತಿಳಿಯದೆ ಬಿಟ್ಟರೆ ತಳಿ ಕಲಬೆರಕೆ, ಜೊತೆಗೆ ಮನೆಯಲ್ಲಿ ತಗುಲಿದ ರೋಗ ಅಲ್ಲಿಯವಕ್ಕೆ. ಇಪ್ಪತ್ತೆರಡು ವರ್ಷ ಬಚ್ಚಲ ಕಾಲುವೆ ಪಕ್ಕ ಬೆಳೆದ ಕೂರ್ಮಯ್ಯ ತಿರುಗಿ ಕುರುಚಲು ಕಾಡು ನೋಡಿದನೋ ಇಲ್ಲವೋ, ನಾವು ಕೇಳಲಿಲ್ಲ. ಕೇಳೋಕೆ ಧೈರ್ಯ ಇರಲಿಲ್ಲ.

ಅವನು ಹೋದ ಮಾರನೇ ದಿನವೂ ಅಜ್ಜಿ ದಂಟಿನ ಬುಡ ನೆಟ್ಟಳು. ನಾನು ಯಾರಿಗೆ ಅಂತ ಕೇಳಿದೆ. "ಹುಳಿಗೆ" ಅಂದಳು.

ಅಕ್ಕನಿಗೆ ನಾನು ಹೇಳಿದ್ದಿಷ್ಟು. ಲೆಟ್ಯೂಸಿನ ಬುಡದ ನಡುವೆ ಬೆಳೆಯೋ ತುದಿ ಉಳಿದಿರುತ್ತೆ, ಅದಕ್ಕೇ ಚಿಗುರೋದು. ಆದರೆ ಬರೀ ನೀರಲ್ಲಿ ಅದು ಬುಡದಲ್ಲಿ ಕೂಡಿಟ್ಟ ಆಹಾರವನ್ನು ತಿಂದು ಮುಗಿಸಿ ಸೋಲುತ್ತೆ. ಬಿಳಿ ಬೇರು ಕಂಡ ಕೂಡಲೇ ಮಣ್ಣಿಗೆ ಹಾಕು. ಹಾಗೆ ಬಂದದ್ದು ಆಮೆಗೆ ನಂಚಿಕೊಳ್ಳೋಕೆ ಮಾತ್ರ, ಹೊಟ್ಟೆ ತುಂಬೋಕೆ ಅಲ್ಲ. ರಷ್ಯನ್ ಆಮೆಗೆ ಅಗಲ ಎಲೆಯ ಕಳೆಗಿಡಗಳೇ ಊಟ. ಹಿತ್ತಲಲ್ಲಿ ಔಷಧಿ ಹೊಡೆಯದೆ ದಂಡೇಲಿಯನ್, ದಾಸವಾಳ ಬೆಳೆಸು.

"ಅಜ್ಜಿ ತಪ್ಪು ಮಾಡಿದ್ಲಾ ಹಾಗಾದ್ರೆ?" ಅಂದಳು.

ತಕ್ಷಣ ಉತ್ತರ ಬರಲಿಲ್ಲ. ನಕ್ಷತ್ರ ಆಮೆಯನ್ನು ಮನೆಗೆ ತಂದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ದಿನಾ ದಂಟು ಹಾಕಿದ್ದೂ ಸರಿಯಲ್ಲ. ಆದರೆ ಕಸಕ್ಕೆ ಹೋಗೋ ಬುಡವನ್ನು ಇನ್ನೊಂದು ಜೀವಕ್ಕೆ ಅಂತ ಮಣ್ಣಿಗಿಟ್ಟ ಕೈಯನ್ನು ಮಾತ್ರ ತಪ್ಪು ಅನ್ನೋಕೆ ನನ್ನಿಂದಾಗಲಿಲ್ಲ.

ಆ ಹಿತ್ತಲು ಈಗ ಇಲ್ಲ. ಹಳೇ ಮನೆ ಬೀಳಿಸಿ ಕಟ್ಟಿದಾಗ ಅಲ್ಲಿ ಕಾರು ನಿಲ್ಲಿಸೋ ಜಾಗ ಬಂತು. ನಿನ್ನೆ ಸಂಜೆ ತಂದ ದಂಟಿನ ಕಟ್ಟಿನ ಬುಡವನ್ನು ಬಾಲ್ಕನಿ ಕುಂಡದಲ್ಲಿ ನೆಟ್ಟಿದ್ದೀನಿ. ಯಾರಿಗೆ ಅಂದ್ರೆ, ಹುಳಿಗೆ.

ನಿಮ್ಮ ಹಳೇ ಮನೆ ಹಿತ್ತಲಲ್ಲೂ ಒಬ್ಬ ಕೂರ್ಮಯ್ಯ ಇದ್ದನಾ? ಇದ್ದರೆ ಬರೀರಿ. ಈಗಲೂ ಇದ್ದರೆ, ದಯವಿಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ. ಕಷ್ಟ ಆಗುತ್ತೆ, ಗೊತ್ತು.