ರೋಹಿಣಿ ಮಳೆಯ ಮೆಣಸಿನ ಅಗಿ

ಹಡಗು ಹತ್ತಿ ಈ ನಾಡಿಗೆ ಬಂದ ಗಿಡಗಳಲ್ಲಿ ಕೆಲವು ತಮ್ಮ ಪರದೇಶದ ಗುರುತನ್ನು ಹೆಸರಿನಲ್ಲೇ ಉಳಿಸಿಕೊಂಡಿವೆ. ಪರಂಗಿ ಹಣ್ಣಿನೊಳಗೆ ಪರಂಗಿಯವನು ಕೂತಿದ್ದಾನೆ. ಬಟಾಟೆ, ಪೇರಲ ಪೋರ್ಚುಗೀಸರ ಬಾಯಿಂದ ಉದುರಿದ ಮಾತುಗಳು. ಮೆಣಸಿನಕಾಯಿ ಮಾತ್ರ ಜಾಣತನ ಮಾಡಿತು. ಮೊದಲೇ ಇಲ್ಲಿದ್ದ ಮೆಣಸಿನ ಹೆಸರು ಹೊದ್ದುಕೊಂಡು ಮನೆಯವರಂತೆ ಒಳಗೆ ಬಂತು. ಹೆಸರು ಕೊಟ್ಟ ತಪ್ಪಿಗೆ ಹಳೆಯ ಮೆಣಸು ಈಗ ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಎಂದು ತನ್ನ ಗುರುತು ತಾನೇ ಹೇಳಿಕೊಳ್ಳಬೇಕಾಗಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಯ ವಿವರ ಬೇಕಾದಷ್ಟಿದೆ, ಅಲ್ಲಿನ ಖಾರವೆಲ್ಲ ಮೆಣಸು, ಶುಂಠಿಯಂಥವುಗಳದು. ಮೆಣಸಿನಕಾಯಿ ಆಗಿನ್ನೂ ಸಮುದ್ರದ ಆಚೆ, ಮೆಕ್ಸಿಕೋ ಕಡೆಯ ಜನ ಸಾವಿರಾರು ವರ್ಷ ಸಾಕಿಕೊಂಡು ಬಂದಿದ್ದ ಬೆಳೆ. 1492ರಲ್ಲಿ ಕೊಲಂಬಸ್ ಆ ದಡ ಮುಟ್ಟಿದ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಬ್ರೆಜಿಲ್‌ನ ಬಂದರಿನ ನೆನಪಿಗೆ ‘ಪರ್ನಂಬುಕೊ ಮೆಣಸು’ ಎಂದು ಕರೆಸಿಕೊಂಡ ಈ ಕಾಯಿ ಗೋವೆಯಿಂದ ಒಳನಾಡಿಗೆ ಹಬ್ಬಿತು. ಮುಂಬಯಿ ಕಡೆ ಅದಕ್ಕೆ ‘ಗೋವಾಯಿ ಮಿರ್ಚಿ’ ಎಂಬ ಹೆಸರೂ ಇತ್ತು. ಪೋರ್ಚುಗೀಸರು ಬಂದದ್ದು ಕಾಳುಮೆಣಸಿಗಾಗಿ; ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕರೆದದ್ದೇ ‘ಮೆಣಸಿನ ರಾಣಿ’ ಎಂದು. ಕೊಂಡೊಯ್ಯಲು ಬಂದವರು ಆ ಮೆಣಸಿಗೊಂದು ಸವತಿಯನ್ನು ತಂದಿಟ್ಟು ಹೋದರು.

ಸವತಿ ಗೆದ್ದದ್ದು ಖಾರದ ಬಲದಿಂದ ಮಾತ್ರವಲ್ಲ, ಬೀಜದ ಬಲದಿಂದ. ಕಾಳುಮೆಣಸಿನ ಬಳ್ಳಿಗೆ ಏರಲು ಮರ ಬೇಕು, ನೆರಳು ಬೇಕು, ಮಲೆನಾಡಿನ ಮಳೆ ಬೇಕು. ಅದರ ಕಾಳು ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವುದರಿಂದ ತೋಟದವರು ಬಳ್ಳಿಯ ತುಂಡನ್ನೇ ಅಡಿಕೆ ಮರದ ಬುಡಕ್ಕೆ ನೆಡುತ್ತಾರೆ. ಮೆಣಸಿನಕಾಯಿಯ ಸಂಸಾರವೇ ಬೇರೆ. ಒಣಗಿದ ಒಂದು ಕಾಯಿಯೊಳಗೆ ಹತ್ತಾರು ಬೀಜ, ಒಂದು ಗ್ರಾಮಿಗೆ ನೂರಕ್ಕೂ ಮಿಕ್ಕಿ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದರೆ ಒಂದು ಊರಿಗೆ ಸಾಕು. ಘಟ್ಟ ಇಳಿಯಲೊಲ್ಲದ ಮೆಣಸಿನ ಜಾಗದಲ್ಲಿ, ಘಟ್ಟ ಹತ್ತಿ ಬಯಲಿಗಿಳಿದ ಈ ಕಾಯಿ ಬಡವರ ಒಲೆಯ ಮುಂದೆ ಕೂತಿತು.

ಆದರೆ ಬೀಜವನ್ನು ಯಾವಾಗ ಮಣ್ಣಿಗೆ ಹಾಕಬೇಕು? ಹೊಸ ಬೆಳೆಗೆ ಹಳೆಯ ಪಂಚಾಂಗದಲ್ಲಿ ಜಾಗ ಹುಡುಕಬೇಕಾಯಿತು. ಧಾರವಾಡ, ಹಾವೇರಿ, ಗದಗ ಸೀಮೆಯ ಎರೆಹೊಲದ ರೈತರು ಅದಕ್ಕೆ ರೋಹಿಣಿ ಮಳೆಯನ್ನು ಗೊತ್ತು ಮಾಡಿದರು. ‘ರೋಹಿಣಿ ಮಳಿ ಆದ್ರ ಓಣಿ ತುಂಬಾ ಜ್ವಾಳ’ ಎಂಬ ಗಾದೆ ಜೋಳದ ಪಾಲಿಗೆ ಹೋಯಿತು, ನಿಜ. ಆದರೂ ಮೇ 25ರ ಆಸುಪಾಸಿನಲ್ಲಿ ಹುಟ್ಟುವ ಈ ಮಳೆ ಮೆಣಸಿನ ಬೀಜಕ್ಕೂ ಹೇಳಿ ಮಾಡಿಸಿದಂತಿದೆ. ಈ ಬೀಜಕ್ಕೆ ನೀರಿನಷ್ಟೇ ಬಿಸಿಯೂ ಬೇಕು. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಎಂಟು ಹತ್ತು ದಿನದಲ್ಲಿ ಮೊಳೆಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಮುನಿಸಿಕೊಂಡು ಕೂರುತ್ತದೆ. ರೋಹಿಣಿಯಲ್ಲಿ ಹಾಕಿದ ಬೀಜ 40-45 ದಿನಕ್ಕೆ ಗೇಣುದ್ದದ ಸಸಿಯಾಗುವ ಹೊತ್ತಿಗೆ ಪುನರ್ವಸು ಮಳೆ ಹಿಡಿದಿರುತ್ತದೆ. ನೆಲ ಹಸಿ, ಮೋಡದ ನೆರಳು; ಕಿತ್ತು ನೆಟ್ಟ ಸಸಿ ಬಾಡುವುದಿಲ್ಲ. ಪೋರ್ಚುಗೀಸರ ಹಡಗಿನ ಯಾವ ಕಾಗದದಲ್ಲೂ ಈ ಲೆಕ್ಕ ಇದ್ದಿರಲಾರದು. ಇದನ್ನು ಕೂಡಿಸಿದ್ದು ಇಲ್ಲಿಯವರೇ, ಎಷ್ಟೋ ಮಡಿ ಸಸಿ ಸಾಯಿಸಿಕೊಂಡು.

ಸಸಿಗೆ ಆ ಕಡೆ ‘ಅಗಿ’ ಎನ್ನುತ್ತಾರೆ, ಮೈಸೂರು ಕಡೆ ಒಟ್ಲು. ಅಗಿಮಡಿಗೆ ಬಾವಿಯ ಹತ್ತಿರದ ಎತ್ತರದ ಮೂಲೆಯೇ ಆಗಬೇಕು. ನೀರು ನಿಂತಿತೋ ಕೆಲಸ ಕೆಟ್ಟಿತು. ಮೊದಲು ಆ ಜಾಗದ ಮೇಲೆ ಕಸಕಡ್ಡಿ ಹರವಿ ಸುಡುತ್ತಿದ್ದರು. ಕಳೆಯ ಬೀಜ ಸಾಯುತ್ತಿತ್ತು, ಬೂದಿಯೂ ದಕ್ಕುತ್ತಿತ್ತು. ಆಮೇಲೆ ಒಂದು ಮಾರಿಗಿಂತ ಅಗಲವಾಗದ ಮಡಿ. ಕೂತಲ್ಲಿಂದಲೇ ನಡುವಿನ ಕಳೆಗೆ ಕೈ ಎಟುಕಬೇಕಲ್ಲ. ಬೆರಳಿನಿಂದ ಅಡ್ಡಗೀರು ಎಳೆದು, ಬೂದಿ ಬೆರೆಸಿದ ಬೀಜವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಜರಡಿ ಹಿಡಿದ ತಿಪ್ಪೆಗೊಬ್ಬರವನ್ನು ತೆಳ್ಳಗೆ ಮುಚ್ಚಿ, ಮೇಲೆ ಹುಲ್ಲು ಹೊದಿಸುತ್ತಿದ್ದರು. ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದು ನೀರು ಚಿಮುಕಿಸುವುದು. ನೇರ ಸುರಿದರೆ ಬೀಜವೆಲ್ಲ ಮಡಿಯ ಒಂದು ಮೂಲೆಗೆ ಹೋಗಿ ಕೂಡುತ್ತದೆ. ಎಂಟನೆಯ ದಿನದಿಂದ ಹುಲ್ಲೆತ್ತಿ ನೋಡುವ ಕೆಲಸ. ಬೆನ್ನು ಬಾಗಿದ ಬಿಳಿಯ ಮೊಳಕೆಗಳು ಕಂಡ ದಿನ ಸಂಜೆಯ ತಂಪಿನಲ್ಲಿ ಹುಲ್ಲು ತೆಗೆಯಬೇಕು. ಒಂದೆರಡು ದಿನ ತಡವಾದರೂ ಸಸಿ ಹಳದಿಗಟ್ಟಿ ಸೊರಗುತ್ತದೆ. ನೀರು ಹೆಚ್ಚಾದರೆ ಇನ್ನೊಂದು ಕಾಟ: ರಾತ್ರಿ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಗಾಗುವಷ್ಟರಲ್ಲಿ ಬುಡದಲ್ಲಿ ಕೊಳೆತು ಗುಂಪುಗುಂಪಾಗಿ ಮಲಗಿರುತ್ತವೆ.

ಎಕರೆಗೆ 400 ಗ್ರಾಂ ಬೀಜ ಸಾಕು. ಅಷ್ಟು ಬೀಜದ ಹಿಂದೆ ಒಂದು ಚಳಿಗಾಲದ ಆಯ್ಕೆ ಇರುತ್ತಿತ್ತು, ಅದು ಹೆಚ್ಚಾಗಿ ಹೆಂಗಸರ ಕಣ್ಣಿಗೆ ಬಿಟ್ಟದ್ದು. ಕಣದಲ್ಲಿ ಹರವಿದ ಕೆಂಪು ರಾಶಿಯ ಮುಂದೆ ಕೂತು, ಉದ್ದನೆಯ, ಮೈತುಂಬ ನೆರಿಗೆಯ, ಒಂದು ಕಲೆಯೂ ಇಲ್ಲದ ಕಾಯಿಗಳನ್ನು ಬೇರೆ ಎತ್ತಿಡುವರು. ಸಣ್ಣಗೆ ಉದ್ದವಿದ್ದದ್ದು ಕಡ್ಡಿ, ಗಿಡ್ಡಗೆ ಉಬ್ಬಿದ್ದು ಡಬ್ಬಿ. ಬೀಜದ ಕಾಯಿ ಅಟ್ಟದ ಮೇಲೆಯೋ ಗಡಿಗೆಯಲ್ಲೋ ಮೇ ತಿಂಗಳವರೆಗೆ ಕಾಯುತ್ತಿತ್ತು. ಬೀಜ ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ರಾತ್ರಿಯಿಡೀ ಉರಿ.

ಊರಿಗೆಲ್ಲ ಒಂದೇ ತಳಿ ಇದ್ದಷ್ಟು ದಿನ ಈ ಪದ್ಧತಿ ನಡೆಯಿತು. ಮೆಣಸಿನ ಹೂವಿಗೆ ಜೇನು, ಇತರ ಕೀಟಗಳು ಬರುತ್ತವೆ. ಪಕ್ಕದ ಹೊಲದಲ್ಲಿ ಬೇರೆ ತಳಿಯಿದ್ದರೆ ಬೀಜ ಬೆರಕೆಯಾಗದೆ ಇರದು. ಈ ಕಡೆಯ ಬ್ಯಾಡಗಿ ಮೆಣಸಿನಕಾಯಿಯ ನೆರಿಗೆ, ಬಣ್ಣ ಒಬ್ಬ ರೈತ ಕಾಪಾಡಿದ್ದಲ್ಲ, ಒಂದು ಸೀಮೆಯೇ ಸೇರಿ ಕಾಪಾಡಿದ್ದು.

ಬ್ಯಾಡಗಿ ಎಂಬುದು ಹೊಲಕ್ಕಿಂತ ಹೆಚ್ಚಾಗಿ ಸಂತೆಯ ಹೆಸರು. 19ನೇ ಶತಮಾನದ ಕೊನೆಗೆ ಹುಬ್ಬಳ್ಳಿ-ಹರಿಹರ ರೈಲುಹಾದಿ ಈ ಊರನ್ನು ಹಾದು ಹೋಯಿತು. ಸುತ್ತಿನ ಎರೆಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದವು. ಮಳೆಗಾಲ ಮುಗಿಯುತ್ತಿದ್ದಂತೆ ಉಳ್ಳಾಗಡ್ಡಿ ಮನೆಗೆ, ಚಳಿಯಲ್ಲಿ ಕೆಂಪು ಕಾಯಿ ಕಣಕ್ಕೆ, ಬೇಸಿಗೆಯ ಹೊಸ್ತಿಲಲ್ಲಿ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. 1948ರಲ್ಲಿ ಊರಿಗೆ ಕೃಷಿ ಮಾರುಕಟ್ಟೆ ಸಮಿತಿ ಬಂತು, 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬ ಗುಣಕ್ಕೆ ಮಂಗಳೂರಿನ ಮಸಾಲೆಯಿಂದ ಹಿಡಿದು ಬಣ್ಣದ ಸಾರ ತೆಗೆಯುವ ಕಾರ್ಖಾನೆಯವರೆಗೆ ಗಿರಾಕಿಗಳು.

ಮುದ್ರೆ ಬೀಳುವ ಹೊತ್ತಿಗೆ ಬೀಜದ ಕಥೆ ಆಗಲೇ ಹೊರಳಿತ್ತು. ಥ್ರಿಪ್ಸ್, ಮೈಟ್ ನುಸಿಗಳು ಎಲೆಯನ್ನು ಮುರುಟಿಸುವ ಮುಟುರು ರೋಗಕ್ಕೆ ಊರಿನ ತಳಿ ಬೇಗ ಬಗ್ಗುತ್ತಿತ್ತು; ಹೆಚ್ಚು ಇಳುವರಿಯ ಹೈಬ್ರಿಡ್ ಪೊಟ್ಟಣ ಅಂಗಡಿಯಲ್ಲಿತ್ತು. ಹೈಬ್ರಿಡ್ ಗಿಡದ ಕಾಯಿಯಿಂದ ಬೀಜ ಎತ್ತಿಟ್ಟರೆ ಮರುವರ್ಷ ತಾಯಿಯಂಥದ್ದೇ ಗಿಡ ಬರುವುದಿಲ್ಲ. ಕಣದಲ್ಲಿ ಕೂತು ಕಾಯಿ ಆರಿಸುವ ಕೆಲಸಕ್ಕೆ ಅರ್ಥವೇ ಹೋಯಿತು. ಪ್ಯಾಟೆಯ ರಾಶಿಯಲ್ಲೂ ಈಗ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿ ಸಾಕಷ್ಟು. ಬ್ಯಾಡಗಿ ಸುತ್ತಿನ ಎಷ್ಟೋ ಹೊಲಗಳಲ್ಲಿ ಗೋವಿನಜೋಳ ನಿಂತಿದೆ. ಇದೂ ಮೆಕ್ಸಿಕೋ ಕಡೆಯಿಂದಲೇ ಬಂದದ್ದು.

ಅಗಿಮಡಿ ಹೊಲದ ಮೂಲೆಯಿಂದ ನೆರಳುಪರದೆಯ ನರ್ಸರಿಗೆ ಹೋಗಿದೆ. ಕಪ್ಪು ಪ್ಲಾಸ್ಟಿಕ್ಕಿನ ಟ್ರೇ, 98 ಗುಳಿ, ತೆಂಗಿನ ನಾರಿನ ಪುಡಿ, ಗುಳಿಗೊಂದೇ ಬೀಜ. ಬೀಜಕ್ಕೆ ಬೆಲೆ ಇರುವುದರಿಂದ ಚಿಟಿಕೆಯ ಮಾತೇ ಇಲ್ಲ. ಮೊಳೆಯುವ ತನಕ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಹೊದಿಸಿಡುತ್ತಾರೆ, ಹುಲ್ಲು ಮಾಡುತ್ತಿದ್ದ ಕೆಲಸವನ್ನು ಪ್ಲಾಸ್ಟಿಕ್ ಹಾಳೆ ಮಾಡುತ್ತದೆ. ಕಟ್ಟು ಕಟ್ಟಾಗಿ ಕೈಬದಲಾಗುತ್ತಿದ್ದ ಅಗಿಗೆ ಈಗ ಸಸಿ ಲೆಕ್ಕದಲ್ಲಿ ದರ. ಆದರೆ ನರ್ಸರಿಯವನಿಗೆ ಬುಕಿಂಗ್ ಫೋನುಗಳು ಬರತೊಡಗುವುದು ಮೇ ಕೊನೆಯಲ್ಲೇ, ಮುಗಿಲು ಗುಡುಗಿ ರೋಹಿಣಿ ಮಳೆಯ ಮೊದಲ ಹನಿ ಎರೆಹೊಲದ ಬಿರುಕಿಗೆ ಬಿದ್ದ ಸಂಜೆ.